ವೀರರನ್ನು ನಂಬದ ಅನುವಾದಕ

1965ರ ಏಪ್ರಿಲ್‌ನಲ್ಲಿ, ಬೀಜಿಂಗ್‌ನ ಬಾದಾವ್‌ವಾನ್ ಓಣಿಯ ಹಳೆಯ ಮನೆಯಲ್ಲಿ, ಎಂಬತ್ತು ತುಂಬಿದ ಜೌ ಜುವೊರೆನ್ ತಮ್ಮ ಉಯಿಲು ಬರೆದಿಟ್ಟರು. ಬದುಕಿನುದ್ದಕ್ಕೂ ತಾವು ಬರೆದದ್ದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಇಳಿವಯಸ್ಸಿನಲ್ಲಿ ಮಾಡಿ ಮುಗಿಸಿದ ಲೂಸಿಯನ್‌ನ ಗ್ರೀಕ್ ಸಂಭಾಷಣೆಗಳ ಅನುವಾದ ಮಾತ್ರ ಐವತ್ತು ವರ್ಷಗಳ ಆಸೆಯೊಂದನ್ನು ಪೂರೈಸಿತು ಎಂಬುದು ಅದರ ಸಾರ. ಆಧುನಿಕ ಚೀನೀ ಗದ್ಯವನ್ನು ಕಟ್ಟಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಪ್ರಬಂಧಕಾರರೊಬ್ಬರು ತಮ್ಮ ಪ್ರಬಂಧಗಳನ್ನೆಲ್ಲ ಬದಿಗೆ ಸರಿಸಿ ಹೀಗೆ ಹೇಳಿದರು. ಅವರು ಮಹಾನ್ ಲೇಖಕ ಲೂ ಶುನ್ ಅವರ ತಮ್ಮ. ಜಪಾನ್ ಚೀನಾವನ್ನು ಆಕ್ರಮಿಸಿದ್ದಾಗ ಕೈಗೊಂಬೆ ಸರ್ಕಾರದಲ್ಲಿ ದೊಡ್ಡ ಹುದ್ದೆ ಒಪ್ಪಿಕೊಂಡು, ಯುದ್ಧ ಮುಗಿದ ಮೇಲೆ ದೇಶದ್ರೋಹಿ ಎಂದು ಜೈಲು ಸೇರಿದವರೂ ಅವರೇ. ಇಂಥವರ ಬಗ್ಗೆ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಸಾಹಿತ್ಯ ಬೇರೆ, ರಾಜಕೀಯ ಬೇರೆ, ಎರಡನ್ನೂ ಬೆರೆಸಬೇಡಿ ಎನ್ನುವುದು ಒಂದು. ದೇಶಕ್ಕೆ ಎರಡು ಬಗೆದವನ ಪುಸ್ತಕ ನಮಗೇಕೆ ಎನ್ನುವುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಜೌ ಅವರ ಅನುವಾದಗಳನ್ನೂ ಅವರ ಪತನವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎರಡಕ್ಕೂ ಒಂದೇ ಬೇರು ಕಾಣುತ್ತದೆ. ಗ್ರೀಸಿಗೆ ಹೋಗಿ ಅವರು ಹುಡುಕಿದ್ದು ವೀರರನ್ನಲ್ಲ, ದಿನನಿತ್ಯದ ಮನುಷ್ಯರನ್ನು. ಆ ಆಯ್ಕೆಯಿಂದ ಚೀನೀ ಭಾಷೆಗೆ ಅಪರೂಪದ ಸಂಪತ್ತು ಸಿಕ್ಕಿತು. ಅದೇ ಆಯ್ಕೆಯೊಳಗೆ ಅಡಗಿದ್ದ ಒಂದು ಕುರುಡು ಅವರನ್ನು ಎಡವಿಸಿ ಬೀಳಿಸಿತು.

ಜೌ ಹುಟ್ಟಿದ್ದು 1885ರಲ್ಲಿ, ಜೆಜಿಯಾಂಗ್ ಪ್ರಾಂತ್ಯದ ಶಾವ್‌ಶಿಂಗ್ ಊರಿನಲ್ಲಿ. ಮನೆತನ ಒಳ್ಳೆಯದೇ ಆದರೂ ಇಳಿಗತಿಯಲ್ಲಿತ್ತು. ನಾನ್‌ಜಿಂಗ್‌ನ ನೌಕಾ ಶಾಲೆಯಲ್ಲಿ ಓದಿ, 1906ರಲ್ಲಿ ಅಣ್ಣನ ಜೊತೆ ಜಪಾನಿಗೆ ಹೋದರು. ಟೋಕಿಯೊದಲ್ಲಿ ಅಣ್ಣತಮ್ಮಂದಿರಿಬ್ಬರೂ ಸೇರಿ ಪೂರ್ವ ಯುರೋಪು ಮತ್ತು ರಷ್ಯಾದ ಕತೆಗಳನ್ನು ಅನುವಾದಿಸಿ 1909ರಲ್ಲಿ ಎರಡು ಸಂಪುಟ ತಂದರು. ಒಂದೊಂದು ಸಂಪುಟವೂ ಮಾರಾಟವಾದದ್ದು ಇಪ್ಪತ್ತು ಪ್ರತಿಗಳ ಆಸುಪಾಸು. ಆ ದಿನಗಳಲ್ಲೇ ಜೌ ರಿಕ್ಕಿಯೊ ಕಾಲೇಜಿಗೆ ಸೇರಿ ಗ್ರೀಕ್ ಕಲಿಯತೊಡಗಿದರು. ಕಲಿಯಲು ಅವರು ಕೊಟ್ಟುಕೊಂಡ ಕಾರಣ ಈಗ ಕೇಳಿದರೆ ಅಚ್ಚರಿಯಾಗುತ್ತದೆ: ಕ್ರೈಸ್ತರ ಸುವಾರ್ತೆಗಳನ್ನು ಮೂಲ ಗ್ರೀಕಿನಿಂದ ಹಳೆಯ ಬೌದ್ಧ ಸೂತ್ರಗಳ ಗಾಂಭೀರ್ಯವುಳ್ಳ ಚೀನೀ ಭಾಷೆಗೆ ತರಬೇಕು. ಅದೇ ಸಮಯಕ್ಕೆ ಅವರ ಗುರು ಜಾಂಗ್ ತೈಯಾನ್ ಒಬ್ಬ ಭಾರತೀಯ ಪಂಡಿತರನ್ನು ಗೊತ್ತುಮಾಡಿ ಸಂಸ್ಕೃತ ಪಾಠ ಏರ್ಪಡಿಸಿದ್ದರು. ಜೌ ಒಂದೆರಡು ಪಾಠ ಕೇಳಿ, ಇದು ತಮ್ಮಿಂದಾಗದು ಎಂದು ಬಿಟ್ಟರು. ಗ್ರೀಕ್ ಮಾತ್ರ ಅವರನ್ನು ಬಿಡಲಿಲ್ಲ. ಸುವಾರ್ತೆಯ ಯೋಜನೆ ಮುಂದೆ ತಾನಾಗಿ ಬಿದ್ದುಹೋಯಿತು; ಬೈಬಲ್ಲಿನ ಹೊಸ ಚೀನೀ ಅನುವಾದವೇ ಸಾಕಷ್ಟು ಚೆನ್ನಾಗಿದೆ ಎಂದು ಅವರಿಗೆ ಅನ್ನಿಸಿತ್ತು. ಆದರೆ ಆ ಹೊತ್ತಿಗಾಗಲೇ ಅವರ ಕಣ್ಣು ಬೇರೆ ಗ್ರೀಕರ ಮೇಲೆ, ದೇವರನ್ನು ತಮಾಷೆ ಮಾಡಬಲ್ಲ ಗ್ರೀಕರ ಮೇಲೆ ನೆಟ್ಟಿತ್ತು.

1917ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದ ಜೌ ಮರುವರ್ಷವೇ ಯುರೋಪಿನ ಸಾಹಿತ್ಯ ಚರಿತ್ರೆಯನ್ನು ಪ್ರಕಟಿಸಿದರು. ಅದರಲ್ಲಿ ಗ್ರೀಸಿಗೆ ಸಿಕ್ಕ ಜಾಗ ದೊಡ್ಡದು. ಅದೇ 1918ರಲ್ಲಿ ಮನುಷ್ಯನ ಸಾಹಿತ್ಯ ಎಂಬ ಅರ್ಥದ ಹೆಸರಿನ ಪ್ರಬಂಧವೊಂದನ್ನು ಬರೆದರು. ಚೀನಾದ ಹೊಸ ಸಾಹಿತ್ಯ ಚಳವಳಿಗೆ ಅದು ಒಂದು ಬಗೆಯ ಪ್ರಣಾಳಿಕೆಯಾಯಿತು. ಮನುಷ್ಯ ಎಂದರೆ ದೇಹವೂ ಇರುವ, ಆಸೆಯೂ ಇರುವ, ಬುದ್ಧಿಯೂ ಇರುವ ಒಬ್ಬ ಬಿಡಿ ಜೀವ. ಅವನನ್ನು ಕುಲಕ್ಕೆ, ಗಂಡನಿಗೆ, ರಾಜನಿಗೆ, ದೆವ್ವದೇವರಿಗೆ ಬಲಿಯಾಗಿ ಒಪ್ಪಿಸುವ ಸಾಹಿತ್ಯ ಮನುಷ್ಯನ ಸಾಹಿತ್ಯವಲ್ಲ ಎಂಬುದು ಅವರ ನಿಲುವು. ಜೌ ಚೀನಾದ ಗಲಾಟೆಯಿಂದ ತಪ್ಪಿಸಿಕೊಳ್ಳಲು ಪುರಾತನ ಗ್ರೀಸಿಗೆ ಓಡಿಹೋದರು ಎಂದು ಅವರ ಕಾಲದಲ್ಲೇ ಕೆಲವರು ದೂರಿದರು, ಈಗಲೂ ದೂರುವವರಿದ್ದಾರೆ. ಆದರೆ ಗ್ರೀಸ್ ಅವರಿಗೆ ಬೇಕಾದದ್ದೇ ಚೀನಾಕ್ಕಾಗಿ. ಕೇಂಬ್ರಿಜ್‌ನ ವಿದುಷಿ ಜೇನ್ ಹ್ಯಾರಿಸನ್ ಅವರ ಪುರಾಣ ಅಧ್ಯಯನಗಳನ್ನು ಜೌ ಮತ್ತೆ ಮತ್ತೆ ನೆನೆಯುತ್ತಾರೆ, ಭಾಗಶಃ ಅನುವಾದಿಸಿದ್ದಾರೆ. ಆದಿಮ ಮನುಷ್ಯನ ಭಯದಿಂದ ಹುಟ್ಟಿದ ವಿಕಾರ ರೂಪಗಳನ್ನು ಗ್ರೀಕ್ ಕವಿಗಳೂ ಶಿಲ್ಪಿಗಳೂ ತಿದ್ದಿ ತಿದ್ದಿ ಸುಂದರವಾಗಿಸಿದರು, ಧರ್ಮದಿಂದ ಭಯವನ್ನು ತೊಳೆದು ತೆಗೆದರು ಎಂಬುದು ಹ್ಯಾರಿಸನ್ ಅವರ ವಾದ. ತಮ್ಮ ದೇಶದ ಮನಸ್ಸು ದೆವ್ವಗಳ ಭಯದಿಂದ, ಶಿಷ್ಟಾಚಾರದ ಭಯದಿಂದ ಮುದುಡಿದೆ ಎಂದು ನಂಬಿದ್ದ ಜೌ ಅವರಿಗೆ ಇದು ಮದ್ದಾಗಿ ಕಂಡಿತು. ಗ್ರೀಕ್ ಪುರಾಣ ಕತೆಗಳನ್ನು ಸಂಗ್ರಹಿಸಿರುವ ಅಪೊಲೊಡೋರಸ್‌ನ ಗ್ರಂಥಕ್ಕೆ ಅವರು ಎರಡು ಸಲ ಕೈಹಾಕಿದ್ದು ಇದೇ ಕಾರಣಕ್ಕೆ. 1930ರ ದಶಕದ ಕೊನೆಯಲ್ಲಿ ಮಾಡಿದ ಮೊದಲ ಅನುವಾದದ ಹಸ್ತಪ್ರತಿ ಯುದ್ಧದ ಗದ್ದಲದಲ್ಲಿ ಕಳೆದುಹೋಯಿತು. 1950ರ ದಶಕದ ಆರಂಭದಲ್ಲಿ ಮೊದಲಿನಿಂದ ಮತ್ತೆ ಕೂತು ಮಾಡಿದರು. ಆ ಪುಸ್ತಕ ಅಚ್ಚಾದದ್ದು ಅವರು ತೀರಿಹೋಗಿ ಮೂವತ್ತು ವರ್ಷ ದಾಟಿದ ಮೇಲೆ.

ಕನ್ನಡದಲ್ಲಿ ನಮಗೆ ಗ್ರೀಕ್ ಸಾಹಿತ್ಯದ ಪರಿಚಯವಾದದ್ದು ಹೆಚ್ಚಾಗಿ ರುದ್ರ ನಾಟಕಗಳ ಮೂಲಕ. ಸೊಫೊಕ್ಲೀಸನ ನಾಟಕದ ಆಧಾರದಲ್ಲಿ ಬಿ.ಎಂ.ಶ್ರೀ. ಬರೆದ ‘ಅಶ್ವತ್ಥಾಮನ್’, ಈಸ್ಕಿಲಸನಿಂದ ತಂದ ‘ಪಾರಸಿಕರು’, ಮುಂದೆ ಲಂಕೇಶರ ‘ದೊರೆ ಈಡಿಪಸ್’ ಎಲ್ಲವೂ ದೊರೆಗಳ, ಯೋಧರ, ವಿಧಿಯ ಎದುರು ಎದೆಯೊಡ್ಡಿ ನಿಂತವರ ಲೋಕ. ಜೌ ತಾವಾಗಿ ಆರಿಸಿಕೊಂಡ ಗ್ರೀಸ್ ಬೇರೆಯದು. 1934ರಲ್ಲಿ ಅವರು ಹೆರೊಡಾಸ್ ಮತ್ತು ಥಿಯೊಕ್ರಿಟಸ್ ಎಂಬ ಇಬ್ಬರು ಕವಿಗಳ ಪುಟ್ಟ ಪ್ರಹಸನದಂಥ ರಚನೆಗಳ ಒಂದು ಸಂಗ್ರಹ ತಂದರು. ಹೆರೊಡಾಸನ ಕೃತಿ ಲೋಕಕ್ಕೆ ಮತ್ತೆ ಸಿಕ್ಕಿದ್ದೇ ಈಜಿಪ್ಟಿನ ಒಂದು ಪಪೈರಸ್ ಸುರುಳಿಯಲ್ಲಿ, 1891ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾದಾಗ. ಆ ಪುಟಗಳಲ್ಲಿ ಬರುವವರು ಯಾರು ನೋಡಿ: ಶಾಲೆ ತಪ್ಪಿಸಿ ಜೂಜಾಡುವ ಮಗನನ್ನು ಮೇಷ್ಟರ ಬಳಿಗೆ ಎಳೆದು ತಂದು ಹೊಡೆಸುವ ತಾಯಿ, ಗಂಡ ದೂರದೇಶಕ್ಕೆ ಹೋಗಿರುವ ಹೆಂಗಸನ್ನು ಪುಸಲಾಯಿಸಲು ಬರುವ ಮುದುಕಿ, ಗಿರಾಕಿಗಳೆದುರು ತನ್ನ ಸರಕನ್ನು ಹೊಗಳಿಕೊಳ್ಳುವ ಚಪ್ಪಲಿ ಅಂಗಡಿಯವ, ಹರಕೆ ಒಪ್ಪಿಸಲು ದೇವಸ್ಥಾನಕ್ಕೆ ಬಂದು ಅಲ್ಲಿನ ವಿಗ್ರಹಗಳನ್ನು ಬೆರಗಿನಿಂದ ನೋಡುವ ಹೆಂಗಸರು. ಥಿಯೊಕ್ರಿಟಸನಲ್ಲಿ ಇಬ್ಬರು ಗೆಳತಿಯರು ಮಗುವನ್ನು ಮನೆಯಲ್ಲಿ ಬಿಟ್ಟು ಜಾತ್ರೆಗೆ ಹೊರಟು, ಗಂಡಂದಿರನ್ನು ಬೈಯುತ್ತ, ಜನಜಂಗುಳಿಯಲ್ಲಿ ನುಗ್ಗುತ್ತಾರೆ. ಸ್ಯಾಫೊ ಬಗ್ಗೆ ಜೌ 1910ರ ದಶಕದಲ್ಲೇ ಬರೆದರು, 1951ರಲ್ಲಿ ಅವಳ ಬದುಕು ಮತ್ತು ಕಾವ್ಯದ ಮೇಲೆ ಒಂದು ಪುಸ್ತಕವನ್ನೇ ತಂದರು. ಈಸೋಪನ ಕತೆಗಳನ್ನು ಮೂಲ ಗ್ರೀಕಿನಿಂದ ತಂದದ್ದು 1955ರಲ್ಲಿ ಪ್ರಕಟವಾಯಿತು. ಹೋಮರನನ್ನು ಅವರು ತಮ್ಮ ಮುಖ್ಯ ಕೆಲಸ ಮಾಡಿಕೊಳ್ಳಲಿಲ್ಲ. ಈ ಒಲವಿನ ಬೆಲೆಯನ್ನು ಕಡಿಮೆ ಎಣಿಸಬಾರದು. ಗ್ರೀಕರು ಅಮೃತಶಿಲೆಯ ವಿಗ್ರಹಗಳಂತಿದ್ದರು ಎಂಬ ಕಲ್ಪನೆ ಜಗತ್ತಿನ ತುಂಬ ಹರಡಿದ್ದ ಕಾಲದಲ್ಲಿ, ಅವರೂ ಚೌಕಾಸಿ ಮಾಡುತ್ತಿದ್ದರು, ಮಕ್ಕಳನ್ನು ಗದರುತ್ತಿದ್ದರು, ಅಸೂಯೆ ಪಡುತ್ತಿದ್ದರು ಎಂದು ಚೀನೀ ಓದುಗರಿಗೆ ತೋರಿಸಿಕೊಟ್ಟವರು ಜೌ. ಅವರ ಟಿಪ್ಪಣಿಗಳೂ ಈ ಕೆಲಸದ ಭಾಗವೇ. ಟಿಪ್ಪಣಿಗೆ ಮೂಲ ಪಠ್ಯದಷ್ಟೇ ತೂಕವಿದೆ ಎಂದು ಅವರು ನಂಬಿದ್ದರು.

ಈಗ ಇದರ ಇನ್ನೊಂದು ಮುಖಕ್ಕೆ ಬರಬೇಕು. ಸಾಮಾನ್ಯ ಮನುಷ್ಯನ ಮೇಲಿನ ಪ್ರೀತಿ ಜೌ ಅವರಲ್ಲಿ ನಿಧಾನವಾಗಿ ವೀರರ ಬಗೆಗಿನ ಅಪನಂಬಿಕೆಯಾಗಿ ಗಟ್ಟಿಯಾಯಿತು. 1935ರಲ್ಲಿ, ಜಪಾನ್ ಮಂಚೂರಿಯವನ್ನು ನುಂಗಿ ಉತ್ತರ ಚೀನಾದ ಬಾಗಿಲಿಗೆ ಬಂದು ನಿಂತಿದ್ದಾಗ, ವೀರಾರಾಧನೆಯ ಕುರಿತು ಅವರೊಂದು ಪ್ರಬಂಧ ಬರೆದರು. ಮಂಗೋಲರಿಗೆ ಶರಣಾಗದೆ ಪ್ರಾಣ ಕೊಟ್ಟ ಹದಿಮೂರನೆಯ ಶತಮಾನದ ಮಂತ್ರಿ ವೆನ್ ತ್ಯಾನ್‌ಶಿಯಾಂಗ್ ಚೀನಾದಲ್ಲಿ ಮನೆಮಾತು. ಅವನ ಧೃತಿಯನ್ನು ಮೆಚ್ಚಬಹುದು, ಆದರೆ ಅವನ ಸಾವಿನಿಂದ ದೇಶಕ್ಕಾಗಲಿ ಜನಕ್ಕಾಗಲಿ ಒದಗಿದ ಪ್ರಯೋಜನವೇನು ಎಂದು ಜೌ ಕೇಳಿದರು. ಇಂಥ ಸಾವನ್ನು ಆದರ್ಶವಾಗಿಟ್ಟರೆ ಸೋಲಿಗೇ ಪೂಜೆ ಸಲ್ಲುತ್ತದೆ ಎಂಬುದು ಅವರ ಆತಂಕ. ಆ ಪ್ರಶ್ನೆಯಲ್ಲಿ ಸತ್ಯಾಂಶವಿದೆ ಎಂದು ಒಪ್ಪಲೇಬೇಕು. ಗಂಡ ಸತ್ತನೆಂದು ಹೆಂಡತಿ ಪ್ರಾಣ ಬಿಡುವುದನ್ನು ಹಾಡಿ ಹೊಗಳಿದ ಸಮಾಜದಲ್ಲಿ ಬಲಿದಾನದ ಮಹಿಮೆಯನ್ನು ಪ್ರಶ್ನಿಸುವವರು ಬೇಕೇ ಬೇಕು. ಬೇರೊಬ್ಬರ ಪ್ರಾಣವನ್ನು ಆದರ್ಶಕ್ಕೆ ತೆರಬೇಡಿ ಎನ್ನುವುದು ಸರಿ. ಆದರೆ ಆ ಮಾತು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲಿಲ್ಲ. ಒಬ್ಬನು ತಾನಾಗಿ, ತಿಳಿದೂ ತಿಳಿದೂ, ಆಗದು ಎಂದು ಹೇಳುವುದಕ್ಕೆ ತೆರುವ ಬೆಲೆಯನ್ನೂ ಜೌ ನಾಟಕದ ಸಾಲಿಗೆ ಸೇರಿಸಿಬಿಟ್ಟರು.

1937ರ ಬೇಸಿಗೆಯಲ್ಲಿ ಬೀಜಿಂಗ್ ಜಪಾನೀ ಸೈನ್ಯದ ಕೈಸೇರಿತು. ವಿಶ್ವವಿದ್ಯಾಲಯಗಳು ದಕ್ಷಿಣಕ್ಕೆ ಹೊರಟವು. ಜೌ ಹೊರಡಲಿಲ್ಲ. ತಮ್ಮನ್ನು ಲಿ ಲಿಂಗ್ ಎಂದು ನೋಡಬೇಡಿ, ಸು ವು ಎಂದು ನೋಡಿ ಎಂಬ ಅರ್ಥದಲ್ಲಿ ಪತ್ರ ಬರೆದರು. ಇವರಿಬ್ಬರೂ ಪ್ರಾಚೀನ ಹಾನ್ ರಾಜವಂಶದ ಕಾಲದವರು: ಲಿ ಲಿಂಗ್ ಶತ್ರುಗಳಿಗೆ ಶರಣಾದ ಸೇನಾಪತಿ, ಸು ವು ಶತ್ರುಗಳ ನಾಡಿನಲ್ಲಿ ಹತ್ತೊಂಬತ್ತು ವರ್ಷ ಕುರಿ ಕಾಯುತ್ತ ಸೆರೆಯಲ್ಲಿದ್ದರೂ ಬಾಗದ ರಾಯಭಾರಿ. 1938ರಲ್ಲಿ ಗೆಳೆಯ ಹು ಷಿ ಲಂಡನ್ನಿನಿಂದ ಒಂದು ಕವಿತೆ ಕಳಿಸಿ ದಕ್ಷಿಣಕ್ಕೆ ಹೊರಟುಬನ್ನಿ ಎಂದು ಬೇಡಿಕೊಂಡರು. ಮನೆಮಂದಿಯ ಹೊಣೆ ಇದೆ ಎಂದು ಜೌ ಕವಿತೆಯಲ್ಲೇ ಉತ್ತರಿಸಿದರು. 1939ರ ಜನವರಿ 1ರಂದು ಅವರ ಮನೆಯಲ್ಲೇ ಅವರ ಮೇಲೆ ಗುಂಡು ಹಾರಿತು. ಉಣ್ಣೆಯ ಅಂಗಿಯ ಗುಂಡಿಗೆ ತಗುಲಿದ ಗುಂಡು ಒಳಹೋಗದೆ ಅವರು ಬದುಕಿದರು. ಮನೆಯ ಆಳೊಬ್ಬ ಸತ್ತ. ಆ ತಿಂಗಳು ಮುಗಿಯುವುದರೊಳಗೆ ಅವರು ಆಕ್ರಮಿತ ವಿಶ್ವವಿದ್ಯಾಲಯದ ಗ್ರಂಥಾಲಯದ ಹುದ್ದೆ ಒಪ್ಪಿಕೊಂಡರು. 1941ರ ಆರಂಭದಲ್ಲಿ ಉತ್ತರ ಚೀನಾದ ಕೈಗೊಂಬೆ ಆಡಳಿತದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದರು. ಎರಡು ವರ್ಷ ಆ ಕುರ್ಚಿಯಲ್ಲಿ ಕುಳಿತರು. ಆಕ್ರಮಣಕಾರರ ಹಿತಕ್ಕೆ ತಕ್ಕಂತೆ ಶಾಲೆಗಳನ್ನು ನಡೆಸುವ ಆಡಳಿತದ ತಲೆಯಾಗಿ, ಯುವಕ ದಳಗಳ ಸಮಾರಂಭಗಳಲ್ಲಿ ಸಮವಸ್ತ್ರ ತೊಟ್ಟು ನಿಂತರು. ಕುರಿ ಕಾಯುವ ಸು ವು ಆಗಿ ಉಳಿಯುತ್ತೇನೆಂದವರು ನಾಲ್ಕು ವರ್ಷ ಕಳೆಯುವ ಮೊದಲೇ ಇಲ್ಲಿಗೆ ಬಂದು ನಿಂತಿದ್ದರು.

ಒಬ್ಬ ಮನುಷ್ಯನ ಸಾಹಿತ್ಯಾಭಿರುಚಿಯಿಂದ ಅವನ ರಾಜಕೀಯ ಪಾಪವನ್ನು ವಿವರಿಸಲು ಹೊರಡುವುದು ತೀರಾ ಸರಳವಾಯಿತು ಎಂದು ಯಾರಾದರೂ ಆಕ್ಷೇಪಿಸಬಹುದು. ಅವರ ಹೆಂಡತಿ ಹಬುತೊ ನೊಬುಕೊ ಜಪಾನಿನವರು. ಮುಪ್ಪಿನ ತಾಯಿ, ಅಣ್ಣ ಲೂ ಶುನ್ ತೀರಿಕೊಂಡ ಮೇಲೆ ಅವರ ಮೊದಲ ಹೆಂಡತಿ, ಇನ್ನೊಬ್ಬ ತಮ್ಮನ ಹೆಂಡತಿ ಮಕ್ಕಳು ಇವರೆಲ್ಲ ಬೀಜಿಂಗ್‌ನಲ್ಲೇ ಇದ್ದರು. ಮನೆಬಾಗಿಲಿಗೆ ಗುಂಡು ಬಂದ ಮೇಲೆ ಹೆದರದವರಾರು? ಈ ಕಾರಣಗಳೆಲ್ಲ ನಿಜ, ಭಾರವಾದವೂ ಹೌದು. ಗ್ರೀಕ್ ಓದಿದ್ದರಿಂದ ಜೌ ದ್ರೋಹಿಯಾದರು ಎಂದು ನಾನು ಹೇಳುತ್ತಿಲ್ಲ. ಸಂಸಾರದ ಹೊರೆ ಹೊತ್ತ ನೂರಾರು ಅಧ್ಯಾಪಕರು ರೈಲು ಲಾರಿ ಹಿಡಿದು, ಕಾಲ್ನಡಿಗೆಯಲ್ಲೂ ಒಳನಾಡಿಗೆ ಹೋದರು. ಬೀಜಿಂಗ್‌ನಲ್ಲೇ ಉಳಿದು, ಹುದ್ದೆ ಮುಟ್ಟದೆ ಬಡತನದಲ್ಲಿ ದಿನ ನೂಕಿದವರೂ ಇದ್ದರು. ಒತ್ತಡ ಬಹುಮಂದಿಯ ಮೇಲಿತ್ತು. ಒತ್ತಡ ಬಂದಾಗ ಮನುಷ್ಯ ತನಗೇ ಹೇಳಿಕೊಳ್ಳುವ ಸಮಾಧಾನವೊಂದು ಬೇಕಾಗುತ್ತದೆ. ಜೌ ಅವರ ಬಳಿ ಅದು ಮೊದಲೇ ಸಿದ್ಧವಾಗಿತ್ತು. ವೀರ ಮರಣದಿಂದ ಪ್ರಯೋಜನವಿಲ್ಲ, ಉಳಿದು ಏನಾದರೂ ಕೆಲಸ ಮಾಡುವುದೇ ಜನಕ್ಕೆ ಒಳಿತು ಎಂದು 1935ರಲ್ಲೇ ಅವರು ತರ್ಕ ಕಟ್ಟಿಟ್ಟಿದ್ದರು. ಆ ತರ್ಕದಲ್ಲಿ ಸುಮ್ಮನೆ ನಿರಾಕರಿಸಿ ಕೂರುವವನಿಗೆ ಜಾಗವೇ ಇರಲಿಲ್ಲ. ಸಾಯುವ ವೀರ ಮತ್ತು ಹೊಂದಿಕೊಂಡು ಬಾಳುವ ಬುದ್ಧಿವಂತ, ಇವರಿಬ್ಬರ ನಡುವೆ ಮೂರನೆಯವನೊಬ್ಬ ಇರಬಲ್ಲ ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ.

ಆ ಮೂರನೆಯ ಬಗೆಯ ಬದುಕಿಗೆ ಗ್ರೀಕ್ ಅನುವಾದದ ಲೋಕದಲ್ಲೇ ಒಂದು ಉದಾಹರಣೆಯಿದೆ. ಲುವೊ ನ್ಯಾನ್‌ಶೆಂಗ್ ಸಿಚುವಾನ್ ಪ್ರಾಂತ್ಯದಲ್ಲಿ 1904ರಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ಓದಿ, 1933ರಲ್ಲಿ ಅಥೆನ್ಸ್‌ಗೆ ಹೋಗಿ ಅಲ್ಲಿಯೇ ಗ್ರೀಕ್ ಅಭ್ಯಾಸ ಮಾಡಿದ ಮೊದಲ ಚೀನೀ ವಿದ್ಯಾರ್ಥಿ. ನಮ್ಮ ಬಿ.ಎಂ.ಶ್ರೀ. ‘ಪಾರಸಿಕರು’ ಬರೆದ ಅದೇ 1930ರ ದಶಕದಲ್ಲಿ ಲುವೊ ಕೂಡ ಈಸ್ಕಿಲಸನ ಅದೇ ನಾಟಕವನ್ನು, ದಂಡೆತ್ತಿ ಬಂದ ದೊಡ್ಡ ಸಾಮ್ರಾಜ್ಯವೊಂದು ಸೋತ ಕತೆಯನ್ನು, ಚೀನೀ ಭಾಷೆಗೆ ತಂದರು. ಯುದ್ಧ ಬಂದಾಗ ಸಿಚುವಾನ್‌ನ ಒಳನಾಡಿಗೆ ಹೋಗಿ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುತ್ತ, ಯೂರಿಪಿಡೀಸನ ‘ಟ್ರಾಯ್‌ನ ಹೆಂಗಸರು’ ನಾಟಕವನ್ನು ಅನುವಾದಿಸಿದರು. ಗುಂಡಿಗೆ ಎದೆಯೊಡ್ಡಿದವರೇನೂ ಅಲ್ಲ, ಪಾಠ ಮಾಡುತ್ತ ಅನುವಾದಿಸುತ್ತ ಯುದ್ಧ ಕಳೆದವರು. ಬಹುಕಾಲ ಬದುಕಿದ ಅವರು ಅರಿಸ್ಟಾಟಲನ ಕಾವ್ಯಮೀಮಾಂಸೆಯನ್ನು ಕೊಟ್ಟರು. 1987ರಲ್ಲಿ ಅಥೆನ್ಸ್ ಅಕಾಡೆಮಿಯ ಗೌರವ ಪಡೆದರು. ‘ಇಲಿಯಡ್’ ಅನುವಾದ ಅರ್ಧದಲ್ಲಿರುವಾಗಲೇ 1990ರಲ್ಲಿ ತೀರಿಕೊಂಡರು. ಉಳಿದದ್ದನ್ನು ವಾಂಗ್ ಹುವಾನ್‌ಶೆಂಗ್ ಮುಗಿಸಿದರು.

1945ರ ಡಿಸೆಂಬರ್‌ನಲ್ಲಿ ಜೌ ಸೆರೆಯಾದರು. ಮರುವರ್ಷ ನಾನ್‌ಜಿಂಗ್‌ನ ನ್ಯಾಯಾಲಯ ಅವರಿಗೆ ಹದಿನಾಲ್ಕು ವರ್ಷಗಳ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಅದು ಹತ್ತಕ್ಕಿಳಿಯಿತು. ವಿಶ್ವವಿದ್ಯಾಲಯದ ಆಸ್ತಿಪಾಸ್ತಿಯನ್ನು ಕಾಪಾಡಿದ್ದರು ಎಂಬ ಸಾಕ್ಷ್ಯವನ್ನೂ ಅವರ ಪರವಾಗಿ ಹೇಳಲಾಗಿತ್ತು. ಜೈಲಿನ ಕೋಣೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯ ಮೇಲೊಂದು ಹಲಗೆ ಇಟ್ಟು, ಅದನ್ನೇ ಮೇಜು ಮಾಡಿಕೊಂಡು, ಇಂಗ್ಲಿಷ್ ವಿದ್ವಾಂಸ ರೌಸ್ ಗ್ರೀಕ್ ದೇವರುಗಳ ಬಗ್ಗೆ ಹೇಳಿದ ಕತೆಗಳನ್ನು ಅನುವಾದಿಸಿದರು. 1949ರ ಜನವರಿಯಲ್ಲಿ, ರಾಷ್ಟ್ರವಾದಿ ಸರ್ಕಾರ ಕುಸಿಯುತ್ತಿದ್ದಾಗ, ಬಿಡುಗಡೆಯಾಯಿತು. ಕಮ್ಯುನಿಸ್ಟರ ಹೊಸ ಚೀನಾದಲ್ಲಿ ಅವರಿಗೆ ಸಭೆಗಳಿಲ್ಲ, ಪಾಠವಿಲ್ಲ, ರಾಜಕೀಯ ಹಕ್ಕುಗಳಿಲ್ಲ. ಆದರೆ ಅನುವಾದಕ್ಕೆ ಅವಕಾಶವಿತ್ತು. ಸರ್ಕಾರಿ ಪ್ರಕಾಶನ ಸಂಸ್ಥೆ 1955ರಿಂದ ಅವರಿಗೆ ತಿಂಗಳಿಗೆ 200 ಯುವಾನ್ ಮುಂಗಡ ಕೊಡುತ್ತಿತ್ತು. 1960ರಿಂದ ಅದು 400 ಆಯಿತು. ಷರತ್ತು ಒಂದೇ: ಪುಸ್ತಕದ ಮೇಲೆ ಅವರ ಹೆಸರು ಬರಕೂಡದು. ಹಾಗಾಗಿ ಆ ವರ್ಷಗಳ ಗ್ರೀಕ್ ಮತ್ತು ಜಪಾನೀ ಅನುವಾದಗಳೆಲ್ಲ ಜೌ ಚಿಮಿಂಗ್, ಜೌ ಶಿಯಾಷೌ ಎಂಬ ಬೇರೆ ಹೆಸರುಗಳಲ್ಲಿ ಹೊರಬಂದವು. 1957 ಮತ್ತು 1958ರಲ್ಲಿ ಮೂರು ಸಂಪುಟಗಳಲ್ಲಿ ಯೂರಿಪಿಡೀಸನ ನಾಟಕಗಳು ಪ್ರಕಟವಾದವು. ಅದರಲ್ಲಿ ಐದು ನಾಟಕ ಲುವೊ ಅವರ ಅನುವಾದ. ಹದಿಮೂರು ಜೌ ಅವರದು. ಯುದ್ಧಕಾಲದಲ್ಲಿ ಬೇರೆಬೇರೆ ದಾರಿ ಹಿಡಿದ ಇಬ್ಬರು ಒಂದೇ ಪುಸ್ತಕದಲ್ಲಿ ಸೇರಿದರು.

ಆ ಹದಿಮೂರು ನಾಟಕಗಳ ಪಟ್ಟಿಯನ್ನು ನಿಧಾನವಾಗಿ ನೋಡಿದಾಗ ಇಡೀ ಬದುಕಿನ ಪ್ರಶ್ನೆ ಅಲ್ಲಿ ಕುಳಿತಿರುವುದು ಕಾಣುತ್ತದೆ. ‘ಹೆಕುಬ’ದಲ್ಲಿ ಸೋತ ಟ್ರಾಯ್‌ನ ರಾಜಕುಮಾರಿ ಪೊಲಿಕ್ಸೆನಳನ್ನು ಗ್ರೀಕರು ಬಲಿ ಕೊಡಲು ಕೇಳುತ್ತಾರೆ, ತಾಯಿ ಅಂಗಲಾಚುತ್ತಾಳೆ, ಮಗಳು ದಾಸಿಯಾಗಿ ಬಾಳುವುದಕ್ಕಿಂತ ಇದೇ ಲೇಸೆಂದು ತಾನಾಗಿ ನಡೆದುಹೋಗುತ್ತಾಳೆ. ‘ಔಲಿಸ್‌ನಲ್ಲಿ ಇಫಿಜೀನಿಯ’ದಲ್ಲಿ ಮೊದಲು ಜೀವಭಿಕ್ಷೆ ಬೇಡಿದ ಹುಡುಗಿ ಕೊನೆಗೆ ಗ್ರೀಸಿಗಾಗಿ ಸಾಯಲು ಒಪ್ಪುತ್ತಾಳೆ. ‘ಹೆರಾಕ್ಲೀಸನ ಮಕ್ಕಳು’ ನಾಟಕದಲ್ಲಿ ಆಶ್ರಯ ಕೊಟ್ಟ ಊರನ್ನೂ ಒಡಹುಟ್ಟಿದವರನ್ನೂ ಉಳಿಸಲು ಹೆರಾಕ್ಲೀಸನ ಮಗಳು ಮುಂದೆ ಬರುತ್ತಾಳೆ. ‘ಫಿನೀಷಿಯದ ಹೆಂಗಸರು’ ನಾಟಕದಲ್ಲಿ ತಂದೆ ಕ್ರೆಯಾನ್ ಓಡಿಹೋಗು ಎಂದು ದಾರಿ ತೋರಿಸುತ್ತಾನೆ. ಮಗ ಮೆನೀಸಿಯಸ್ ಒಪ್ಪಿದಂತೆ ನಟಿಸಿ, ತಂದೆ ಅತ್ತ ಹೋದ ಕೂಡಲೇ, ಮುತ್ತಿಗೆಯಲ್ಲಿರುವ ತನ್ನ ಊರಿಗಾಗಿ ಪ್ರಾಣ ಬಿಡಲು ಕೋಟೆಗೋಡೆಗೆ ಹೋಗುತ್ತಾನೆ. ಬೇರೆಯವರೆಲ್ಲ ನಗರಕ್ಕಾಗಿ ನಿಂತಿರುವಾಗ ತಾನು ಮಾತ್ರ ಪ್ರಾಣ ಉಳಿಸಿಕೊಂಡು ಓಡಿದರೆ ಎಲ್ಲಿ ಹೋದರೂ ಹೇಡಿಯೆನಿಸುತ್ತೇನೆ ಎಂಬುದು ಅವನ ಮಾತಿನ ತಿರುಳು. ಈ ನಾಲ್ಕೂ ನಾಟಕಗಳನ್ನು, ಈ ನಾಲ್ಕೂ ಎಳೆಯರ ಮಾತುಗಳನ್ನು ಚೀನೀ ಭಾಷೆಗೆ ತಂದವರು ಬಲಿದಾನದ ಪ್ರಯೋಜನವನ್ನು ಪ್ರಶ್ನಿಸಿದ್ದ, ಶತ್ರುವಿನ ವಶವಾದ ಊರಿನಲ್ಲಿ ಹುದ್ದೆ ಒಪ್ಪಿಕೊಂಡಿದ್ದ ಜೌ. ಯೂರಿಪಿಡೀಸ್ ಯುದ್ಧವನ್ನು ಹೊಗಳುವ ಕವಿಯಲ್ಲ. ಬಲಿ ಕೇಳುವ ಸೇನಾಪತಿಗಳನ್ನೂ ಭವಿಷ್ಯ ನುಡಿಯುವವರನ್ನೂ ಅವನು ಬಿಚ್ಚಿಡುತ್ತಾನೆ. ಅಷ್ಟರಮಟ್ಟಿಗೆ ಅವನು ಜೌ ಅವರ ಕವಿಯೇ. ಆದರೆ ಅವನು ಅಲ್ಲಿಗೆ ನಿಲ್ಲುವುದಿಲ್ಲ. ಕೇಳುವವರು ಕ್ಷುದ್ರರಾದರೂ ಕೊಡುವವರು ಕ್ಷುದ್ರರಾಗಬೇಕಿಲ್ಲ ಎಂಬುದನ್ನು ಅವನು ಮತ್ತೆ ಮತ್ತೆ ತೋರಿಸುತ್ತಾನೆ. ಅವನ ನಾಟಕಗಳಲ್ಲಿ ಹೀಗೆ ಸಾವಿಗೆ ಮುಂದಾಗುವವರಲ್ಲಿ ಮಾಗಿದ ಯೋಧರಿಗಿಂತ ಹುಡುಗಿಯರು, ಹುಡುಗರೇ ಹೆಚ್ಚು. ಅವರು ಜೌ ಪ್ರೀತಿಸಿದ ಸಾಮಾನ್ಯರ ಹತ್ತಿರದವರು, ವೀರಗಲ್ಲುಗಳಿಂದ ದೂರದವರು. ಸಾಮಾನ್ಯ ಮನುಷ್ಯನನ್ನು ಪ್ರೀತಿಸುವುದಕ್ಕೂ ನಿರಾಕರಣೆಯನ್ನು ಗೌರವಿಸುವುದಕ್ಕೂ ವಿರೋಧವಿಲ್ಲ ಎಂಬುದಕ್ಕೆ ಜೌ ಅವರೇ ಅನುವಾದಿಸಿದ ಪುಟಗಳಿಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಇದರಿಂದ ಜೌ ಪಶ್ಚಾತ್ತಾಪಪಟ್ಟರು ಎಂದೋ, ಅನುವಾದದ ಮೂಲಕ ಪ್ರಾಯಶ್ಚಿತ್ತ ಮಾಡಿಕೊಂಡರು ಎಂದೋ ಹೇಳಲು ಹೊರಟರೆ ಅದು ತಪ್ಪಾಗುತ್ತದೆ. ನಾಟಕಗಳ ಹಂಚಿಕೆ ಪ್ರಕಾಶಕರ ಯೋಜನೆಯ ಭಾಗವಾಗಿತ್ತು. ಅವರಿಗೆ ತಿಂಗಳ ಹಣ ಬೇಕಿತ್ತು, ಮನೆಯಲ್ಲಿ ಹೆಂಡತಿಗೆ ಕಾಯಿಲೆಯಿತ್ತು. 1960ರ ದಶಕದ ಆರಂಭದಲ್ಲಿ ಅವರು ಬರೆದ ದೊಡ್ಡ ಆತ್ಮಕತೆಯಲ್ಲಿ ಆಕ್ರಮಣದ ವರ್ಷಗಳ ಬಗ್ಗೆ ಬಹುತೇಕ ಮೌನವಿದೆ. ಸಮರ್ಥನೆಯೂ ಇಲ್ಲ, ತಪ್ಪೊಪ್ಪಿಗೆಯೂ ಇಲ್ಲ. ಆದರೆ ಬರೀ ಕೂಲಿಗಾಗಿ ಮಾಡಿದ ಕೆಲಸ ಎಂದು ಇದೆಲ್ಲವನ್ನೂ ಪಕ್ಕಕ್ಕೆ ತಳ್ಳುವುದೂ ಸರಿಯಲ್ಲ. ಕೂಲಿ ಸಿಗುತ್ತಿತ್ತು, ನಿಜ. ಕೂಲಿಗೆ ಮಾತ್ರ ದುಡಿಯುವವರು ಕಳೆದುಹೋದ ಅಪೊಲೊಡೋರಸ್‌ಗಾಗಿ ಮತ್ತೆ ಮೊದಲ ಪುಟದಿಂದ ಕೂರುವುದಿಲ್ಲ, ಎಪ್ಪತ್ತೇಳನೆಯ ವಯಸ್ಸಿನಲ್ಲಿ ಲೂಸಿಯನ್‌ನ ಇಪ್ಪತ್ತು ಸಂಭಾಷಣೆಗಳಿಗೆ ಕೈಹಾಕುವುದಿಲ್ಲ. ಹೆಂಡತಿ ತೀರಿಹೋದ 1962ರಲ್ಲೇ ಆ ಕೆಲಸ ಶುರುವಾಯಿತು, 1965ರ ಮಾರ್ಚ್‌ನಲ್ಲಿ ಮುಗಿಯಿತು.

ಲೂಸಿಯನ್‌ನೇ ಏಕೆ? ಕ್ರಿ.ಶ. ಎರಡನೆಯ ಶತಮಾನದಲ್ಲಿ ಯೂಫ್ರಟೀಸ್ ನದಿಯ ದಡದ ಸಮೊಸಾಟ ಎಂಬ ಊರಿನಲ್ಲಿ ಹುಟ್ಟಿದ ಲೂಸಿಯನ್ ಮೂಲದಿಂದ ಸಿರಿಯದವನು. ರೋಮನ್ ಸಾಮ್ರಾಜ್ಯದಲ್ಲಿ ಬಾಳಿ, ಕಲಿತ ಗ್ರೀಕಿನಲ್ಲಿ ಬರೆದು ಗ್ರೀಕ್ ಗದ್ಯದ ದೊಡ್ಡ ಹೆಸರಾದವನು. ಅವನ ಸಂಭಾಷಣೆಗಳಲ್ಲಿ ದೇವತೆಗಳು ನೆರೆಹೊರೆಯವರಂತೆ ಜಗಳವಾಡುತ್ತಾರೆ. ತತ್ವಜ್ಞಾನಿಗಳು ಗಡ್ಡ ನೀವುತ್ತ ಹಣಕ್ಕೆ ಬಾಯಿ ಬಿಡುತ್ತಾರೆ. ಸತ್ತವರ ಲೋಕದಲ್ಲಿ ಅರಸರೂ ಸಿರಿವಂತರೂ ತೊಟ್ಟದ್ದೆಲ್ಲ ಕಳಚಿ ದೋಣಿ ಹತ್ತಬೇಕಾಗುತ್ತದೆ, ಕಳೆದುಹೋದದ್ದನ್ನು ನೆನೆದು ಗೋಳಿಡುತ್ತಾರೆ. ಅಧಿಕಾರವನ್ನೂ ಭಯವನ್ನೂ ಒಟ್ಟಿಗೆ ಬೆತ್ತಲೆ ಮಾಡುವ ಈ ಬರಹಗಾರನನ್ನು ಜೌ ಯೌವನದಿಂದಲೂ ಓದುತ್ತ ಬಂದಿದ್ದರು, ಬಿಡಿ ಸಂಭಾಷಣೆಗಳನ್ನು 1920ರ ದಶಕದಲ್ಲೇ ಅನುವಾದಿಸಿದ್ದರು. 1918ರ ಪ್ರಬಂಧದಲ್ಲಿ ಅವರು ಕೇಳಿದ್ದ ಭಯವಿಲ್ಲದ ಮನುಷ್ಯನ ಸಾಹಿತ್ಯ ಎಂದರೆ ಇದೇ. ಚೀನಾದಲ್ಲಿ ಹೊಸ ಬಗೆಯ ನಾಯಕಾರಾಧನೆಯೊಂದು ತಾರಕಕ್ಕೇರುತ್ತಿದ್ದ ವರ್ಷಗಳಲ್ಲಿ ಈ ಪುಟಗಳು ಸಿದ್ಧವಾದವು ಎಂಬುದನ್ನು ಮರೆಯಬಾರದು. ಅವರ ದಾರಿಯ ಸಾಧನೆ ಇಲ್ಲಿ ಶುದ್ಧ ರೂಪದಲ್ಲಿದೆ. ಅದರ ಮಿತಿಯೂ ಇಲ್ಲಿ ಕಾಣುತ್ತದೆ. ಲೂಸಿಯನ್ ಪೊಳ್ಳನ್ನೆಲ್ಲ ಚುಚ್ಚಬಲ್ಲ. ಯಾವುದು ಪೊಳ್ಳಲ್ಲ ಎಂದು ಅವನನ್ನು ಕೇಳಿದರೆ ಉತ್ತರ ಸಿಗುವುದು ಕಷ್ಟ. 1939ರ ಜನವರಿಯಲ್ಲಿ ಜೌ ಅವರಿಗೆ ಬೇಕಾಗಿದ್ದದ್ದು ಎರಡನೆಯ ಪ್ರಶ್ನೆಯ ಉತ್ತರ. ಅದು ಯೂರಿಪಿಡೀಸನ ಬಳಿ ಇತ್ತು.

ಹಾಗಿದ್ದರೆ ಇಂಥವರನ್ನು ಓದಬೇಕೇ? ಆಕ್ರಮಣದಲ್ಲಿ ಮನೆಮಂದಿಯನ್ನು ಕಳೆದುಕೊಂಡವರು, ಅವರ ಮಕ್ಕಳು ಮೊಮ್ಮಕ್ಕಳು ಬೇಡ ಎಂದರೆ ಅವರ ಜೊತೆ ವಾದಕ್ಕಿಳಿಯುವ ಹಕ್ಕು ಹೊರಗಿನವರಿಗಿಲ್ಲ. ಜೌ ಅವರನ್ನು ಸನ್ಮಾನಿಸಬೇಕು ಎಂದು ನಾನೂ ಹೇಳುವುದಿಲ್ಲ. ಆದರೆ ಅನುವಾದ ಒಬ್ಬನ ಖಾಸಗಿ ಸ್ವತ್ತಾಗಿ ಉಳಿಯುವುದಿಲ್ಲ. ಸ್ಯಾಫೊ, ಈಸೋಪ, ಯೂರಿಪಿಡೀಸ್ ಒಮ್ಮೆ ಒಂದು ಭಾಷೆಗೆ ಬಂದರೆ ಅವರು ಆ ಭಾಷೆಯ ಜನರಿಗೆ ಸೇರಿದವರು. ತಂದವನ ತಪ್ಪಿಗೆ ಓದುಗನನ್ನು ದಂಡಿಸುವುದು ನ್ಯಾಯವಲ್ಲ. 1950ರ ದಶಕದ ಸರ್ಕಾರ ಅಷ್ಟನ್ನು ಸರಿಯಾಗಿಯೇ ಅರಿತಿತ್ತು. ಅದು ಎಡವಿದ್ದು ಹೆಸರು ಮರೆಮಾಡಿದ್ದರಲ್ಲಿ. ಮುಜುಗರ ತಪ್ಪಿಸುವ ಆ ಏರ್ಪಾಡು ಮೋಸ ಮಾಡಿದ್ದು ಓದುಗನಿಗೆ. ಮೆನೀಸಿಯಸ್‌ನ ಮಾತುಗಳನ್ನು ಚೀನೀ ಭಾಷೆಯಲ್ಲಿ ಹೇಳಿಸಿದವರು ಯಾರು ಎಂದು ಗೊತ್ತಿದ್ದರೆ ಓದುಗ ಆ ಮಾತುಗಳನ್ನು ಇನ್ನಷ್ಟು ಗಮನವಿಟ್ಟು ಓದುತ್ತಾನೆ. ಅನುವಾದಕರನ್ನೂ ಆ ಮಾತುಗಳಿಂದಲೇ ಅಳೆಯಬಲ್ಲ. ಹೆಸರು ಅಳಿಸಿದರೆ ಮೆಚ್ಚುಗೆಯ ಜೊತೆಗೆ ವಿಚಾರಣೆಯೂ ಅಳಿಸಿಹೋಗುತ್ತದೆ.

ಲೂಸಿಯನ್ ಮುಗಿದ ಮೇಲೂ ಜೌ ಸುಮ್ಮನೆ ಕೂರಲಿಲ್ಲ. ಜಪಾನಿನ ಹೈಕೆ ಯುದ್ಧಕಥನದ ಅನುವಾದ ನಡೆದೇ ಇತ್ತು. 1966ರ ಬೇಸಿಗೆಯಲ್ಲಿ ಪ್ರಕಾಶನದ ಹಣ ನಿಂತಿತು. ಆಗಸ್ಟ್‌ನಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕೆಂಪು ದಳದ ಹುಡುಗರು ಮನೆಗೆ ನುಗ್ಗಿ ಎಂಬತ್ತೊಂದರ ಮುದುಕನನ್ನು ಹೊಡೆದರು, ಮನೆಯಿಂದ ಹೊರಹಾಕಿ ಒಂದು ಶೆಡ್ಡಿಗೆ ತಳ್ಳಿದರು. ಸಾಯಲು ಅನುಮತಿ ಕೊಡಿ ಎಂದು ಅವರು ಪೊಲೀಸರಿಗೆ ಅರ್ಜಿ ಬರೆದು ಸೊಸೆಯ ಕೈಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ. 1967ರ ಮೇ 6ರಂದು ತೀರಿಕೊಂಡರು. ಅವರು ಮಾಡಿದ್ದಕ್ಕೆ ನ್ಯಾಯಾಲಯ ಶಿಕ್ಷೆ ಕೊಟ್ಟಾಗಿತ್ತು. ಇದು ಶಿಕ್ಷೆಯಾಗಿರಲಿಲ್ಲ, ಬರೀ ಕ್ರೌರ್ಯವಾಗಿತ್ತು. ಲೂಸಿಯನ್‌ನ ಹಸ್ತಪ್ರತಿ ಮೊದಲೇ ಪ್ರಕಾಶಕರ ಕೈಸೇರಿದ್ದರಿಂದ ಉಳಿಯಿತು, 1991ರಲ್ಲಿ ಪುಸ್ತಕವಾಯಿತು. 2004ರಲ್ಲಿ ಶಾಂಘೈನ ಪ್ರಕಾಶನ ಸಂಸ್ಥೆಯೊಂದು ಲುವೊ ನ್ಯಾನ್‌ಶೆಂಗ್ ಅವರ ಸಮಗ್ರ ಕೃತಿಗಳನ್ನು ಹತ್ತು ಸಂಪುಟಗಳಲ್ಲಿ ತಂದಿತು. ಅದೇ ಸಂಸ್ಥೆ 2012ರಲ್ಲಿ ಜೌ ಅವರ ಅನುವಾದಗಳನ್ನೆಲ್ಲ ಹನ್ನೊಂದು ಸಂಪುಟಗಳಲ್ಲಿ ಪ್ರಕಟಿಸಿದೆ, ಜೌ ಜುವೊರೆನ್ ಎಂಬ ಅವರ ಸ್ವಂತ ಹೆಸರಿನಲ್ಲೇ. 1935ರ ಪ್ರಬಂಧವೂ ಇಂದು ಅವರ ಗದ್ಯ ಸಂಗ್ರಹಗಳಲ್ಲಿ ಸಿಗುತ್ತದೆ. ಅದನ್ನು ಒಂದು ಕಡೆ, ‘ಫಿನೀಷಿಯದ ಹೆಂಗಸರು’ ನಾಟಕವನ್ನು ಇನ್ನೊಂದು ಕಡೆ ಇಟ್ಟುಕೊಂಡು ಓದಲು ಈಗ ಚೀನೀ ಓದುಗರಿಗೆ ಯಾವ ಅಡ್ಡಿಯೂ ಇಲ್ಲ.